ಲೇಸರ್ ಬೆಳಕಿನಾಟ ಹವ್ಯಾಸಿಗಳ ಕೈಗೆ ಬಂದ ಬಗೆ

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಸಿದ್ಧತೆಯ ಸಭೆಯಲ್ಲಿ ತರುಣರ ಕಡೆಯಿಂದ ಒಂದು ಹೊಸ ಸೂಚನೆ ಬಂತು. ಪ್ರತಿವರ್ಷದ ಭಾವಗೀತೆ, ಕೋಲಾಟ, ಏಕಾಂಕ ನಾಟಕಗಳ ಜೊತೆಗೆ ಈ ಸಲ ಲೇಸರ್ ಬೆಳಕಿನಾಟವನ್ನೂ ಇಟ್ಟುಕೊಳ್ಳೋಣ. ಬಾಡಿಗೆಗೆ ತರುವುದು ಬೇಡ, ಪ್ರೊಜೆಕ್ಟರನ್ನು ನಾವೇ ಕಟ್ಟುತ್ತೇವೆ ಎಂದರು. ಸೂಚನೆ ತಂದವರಲ್ಲಿ ನನ್ನ ಮಗನೂ ಒಬ್ಬ. ಆಗ ಹಿರಿಯರೊಬ್ಬರು, "ಮುಂದಿನ ಸಾಲಿನಲ್ಲಿ ಮಕ್ಕಳು ಕೂರುತ್ತಾರಪ್ಪ, ಕಣ್ಣಿಗೆ ಏನೂ ಆಗುವುದಿಲ್ಲ ತಾನೇ?" ಎಂದು ಕೇಳಿದರು. ಎಲ್ಲರ ದೃಷ್ಟಿಯೂ ನನ್ನ ಕಡೆ ತಿರುಗಿತು. ಹಗಲೆಲ್ಲ ಕೇಂದ್ರ ಸರ್ಕಾರದ ಕಡತ ತಿರುವುವವನಾದರೂ ನನ್ನ ಹೆಸರಿನ ಹಿಂದೆ ಬಿ.ಎಸ್ಸಿ. ಎಂಬ ಬಾಲವೊಂದು ಅಂಟಿಕೊಂಡಿದೆಯಲ್ಲ! ಮುಂದಿನ ಸಭೆಯಲ್ಲಿ ಉತ್ತರ ಹೇಳುತ್ತೇನೆಂದು ತಪ್ಪಿಸಿಕೊಂಡು ಬಂದೆ.

ಉತ್ತರ ಹುಡುಕುತ್ತ ಹೋದಾಗ ಒಂದು ಸೊಗಸಾದ ಇತಿಹಾಸವೇ ಎದುರಾಯಿತು. ಅದನ್ನು ನಮ್ಮ ಓದುಗರೊಡನೆ ಹಂಚಿಕೊಳ್ಳುವ ಆಸೆಯಿಂದ ಈ ಲೇಖನ.

ಕನ್ನಡಿ ಮೊದಲು, ಲೇಸರ್ ಆಮೇಲೆ

ಬೆಳಕಿನಿಂದ ಚಿತ್ರ ಬರೆಯುವ ವಿದ್ಯೆ ಲೇಸರಿಗಿಂತ ನೂರು ವರ್ಷ ಹಳೆಯದು. 1857ರ ಸುಮಾರಿಗೆ ಫ್ರಾನ್ಸಿನ ಜೂಲ್ ಲಿಸಾಜೂ ಎಂಬ ಭೌತವಿಜ್ಞಾನಿ ಎರಡು ಶ್ರುತಿಕವೆಗಳಿಗೆ ಪುಟ್ಟ ಕನ್ನಡಿಗಳನ್ನು ಅಂಟಿಸಿದ. ಒಂದು ಕವೆ ಅಡ್ಡಡ್ಡ, ಇನ್ನೊಂದು ಉದ್ದುದ್ದ ಕಂಪಿಸುವಂತೆ ನಿಲ್ಲಿಸಿ, ಒಂದರ ಕನ್ನಡಿಯಿಂದ ಇನ್ನೊಂದಕ್ಕೆ ಬೆಳಕು ಹಾಯಿಸಿ ಗೋಡೆಯ ಮೇಲೆ ಬೀಳಿಸಿದ. ಗೋಡೆಯಲ್ಲಿ ವೃತ್ತ, ಎಂಟರ ಆಕಾರ, ಬಲೆಯಂಥ ಹೆಣಿಗೆಗಳು ಮೂಡಿದವು. ಬೆಳಕಿನ ಚುಕ್ಕೆ ಒಂದೇ. ಅದು ಓಡುವ ವೇಗಕ್ಕೆ ನಮ್ಮ ಕಣ್ಣು ಮೋಸಹೋಗಿ ಗೆರೆಯಾಗಿ ಕಾಣುತ್ತದೆ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಗಿರ್ರನೆ ತಿರುಗಿಸಿದಾಗ ಬೆಂಕಿಯ ಚಕ್ರ ಕಾಣುವುದಿಲ್ಲವೇ, ಹಾಗೆ.

ಮರುವರ್ಷ, 1858ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ಅಟ್ಲಾಂಟಿಕ್ ಸಾಗರದಡಿಯ ತಂತಿಯಲ್ಲಿ ಬರುವ ಅತ್ಯಂತ ದುರ್ಬಲ ವಿದ್ಯುತ್ತನ್ನು ಗುರುತಿಸಲು ಒಂದು ಉಪಕರಣ ಮಾಡಿದ. ರೇಷ್ಮೆ ಎಳೆಯಲ್ಲಿ ತೂಗುವ ಚಿಕ್ಕ ಕನ್ನಡಿ, ಅದರ ಬೆನ್ನಿಗೆ ಚಿಕ್ಕ ಅಯಸ್ಕಾಂತ. ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಹರಿದರೆ ಕನ್ನಡಿ ಕೊಂಚ ತಿರುಗುತ್ತಿತ್ತು, ಅದರಿಂದ ಹೊರಳಿದ ಬೆಳಕು ಅಳತೆಪಟ್ಟಿಯ ಮೇಲೆ ಬಹುದೂರ ಸರಿಯುತ್ತಿತ್ತು. ಇದೇ ಕನ್ನಡಿ ಗ್ಯಾಲ್ವನೋಮೀಟರ್. ಧಾರವಾಡದಲ್ಲಿ ಓದುವಾಗ ಕತ್ತಲೆ ಕೋಣೆಯಲ್ಲಿ ಕುಳಿತು ಇಂಥದೇ ಉಪಕರಣದ ಬೆಳಕಿನ ಗೆರೆಯ ಹಿಂದೆ ಕಣ್ಣು ಓಡಿಸಿದ್ದು ನನಗೆ ನೆನಪಿದೆ. ಇಂದು ಬೆಳಕಿನಾಟದ ಹೆಚ್ಚಿನ ಲೇಸರ್ ಪ್ರೊಜೆಕ್ಟರುಗಳನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಗ್ಯಾಲ್ವನೋಮೀಟರುಗಳು, ಎರಡು ಕನ್ನಡಿಗಳು ಇರುತ್ತವೆ. ಒಂದು ಕಿರಣವನ್ನು ಎಡಬಲಕ್ಕೆ ಓಡಿಸುತ್ತದೆ, ಇನ್ನೊಂದು ಮೇಲೆ ಕೆಳಗೆ. ಲಿಸಾಜೂವಿನ ಕವೆಗಳೂ ಕೆಲ್ವಿನ್ನನ ಕನ್ನಡಿಯೂ ಒಂದೇ ಪೆಟ್ಟಿಗೆಯಲ್ಲಿ ಕೂಡಿದಂತೆ.

ಪ್ರಯೋಗಾಲಯದಿಂದ ಮನೆಯ ಮೇಜಿಗೆ

1960ರ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಸರಳಿನಿಂದ ಮೊತ್ತಮೊದಲ ಲೇಸರನ್ನು ಹೊಮ್ಮಿಸಿದರು. ಅದೇ ವರ್ಷದ ಕೊನೆಗೆ ಬೆಲ್ ಪ್ರಯೋಗಾಲಯದಲ್ಲಿ ಅಲಿ ಜವಾನ್ ಮತ್ತು ಸಂಗಡಿಗರು ಹೀಲಿಯಂ ಮತ್ತು ನಿಯಾನ್ ಅನಿಲಗಳಿಂದ ಎಡೆಬಿಡದೆ ಬೆಳಗುವ ಲೇಸರ್ ಮಾಡಿದರು. ಅದರ ಕಿರಣ ಕಣ್ಣಿಗೆ ಕಾಣದ ಅವಕೆಂಪು. 1962ರಲ್ಲಿ ಅಲ್ಲಿಯೇ ವೈಟ್ ಮತ್ತು ರಿಗ್ಡನ್ ಅದೇ ಅನಿಲಗಳಿಂದ ಕಣ್ಣಿಗೆ ಕಾಣುವ ಕೆಂಪು ಕಿರಣ ಪಡೆದರು.

ಇನ್ನೆರಡೇ ವರ್ಷ! 1964ರ ಸೆಪ್ಟೆಂಬರ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸಿ. ಎಲ್. ಸ್ಟಾಂಗ್ ನಡೆಸುತ್ತಿದ್ದ ಹವ್ಯಾಸಿ ವಿಜ್ಞಾನಿಗಳ ಅಂಕಣದಲ್ಲಿ, ಮನೆಯಲ್ಲಿಯೇ ಹೀಲಿಯಂ–ನಿಯಾನ್ ಲೇಸರ್ ಕಟ್ಟಿದ ಹವ್ಯಾಸಿಯೊಬ್ಬರ ವಿವರ ಅಚ್ಚಾಯಿತು. ದೊಡ್ಡ ಪ್ರಯೋಗಾಲಯಗಳ ಸೋಜಿಗ ನಾಲ್ಕೇ ವರ್ಷದಲ್ಲಿ ಮನೆಯ ಮೇಜಿಗೆ ಇಳಿದುಬಂದಿತ್ತು.

ಆ ಕಾಲದ ಹವ್ಯಾಸಿಗೆ ಹೆಚ್ಚಿನ ಅಪಾಯ ಕಿರಣದಿಂದಲ್ಲ, ವಿದ್ಯುತ್ತಿನಿಂದ. ಇಂಥ ನಳಿಗೆ ಬೆಳಗಲು ಸಾವಿರಾರು ವೋಲ್ಟು ಬೇಕು. ಕೈತಪ್ಪಿದರೆ ಜೀವಕ್ಕೇ ಸಂಚಕಾರ. ಕಿರಣವಾದರೋ ಒಂದೆರಡು ಮಿಲಿವ್ಯಾಟ್ ಮಾತ್ರ, ಅಂದರೆ ಒಂದು ವ್ಯಾಟಿನ ಸಾವಿರದ ಒಂದೆರಡು ಪಾಲು.

ಸಂಗೀತಕ್ಕೆ ಕುಣಿದ ಕಿರಣ

ಲೇಸರನ್ನು ಕಲೆಗೆ ಒಗ್ಗಿಸಿದವರಲ್ಲಿ ಮೊದಲಿಗರು ಸಂಗೀತಗಾರರು. 1969ರ ಮೇ 9ರಂದು ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಲೋವೆಲ್ ಕ್ರಾಸ್ ಎಂಬ ಸಂಗೀತ ರಚನಕಾರ ಧ್ವನಿಯ ವಿದ್ಯುತ್ ಸಂಕೇತಗಳಿಂದ ಕನ್ನಡಿಗಳನ್ನು ಅಲುಗಿಸಿ ಲೇಸರ್ ಚಿತ್ರಗಳನ್ನು ತೋರಿಸಿದರು. ಮರುವರ್ಷ ಜಪಾನಿನ ಒಸಾಕಾ ವಿಶ್ವ ಪ್ರದರ್ಶನದಲ್ಲಿ ಅವರು ಭೌತವಿಜ್ಞಾನಿ ಕಾರ್ಸನ್ ಜೆಫ್ರೀಸ್, ಸಂಗೀತಗಾರ ಡೇವಿಡ್ ಟ್ಯೂಡರ್ ಜೊತೆಗೂಡಿ ಇಂಥದೇ ಏರ್ಪಾಡು ಮಾಡಿದರು.

ಈ ಆಟವನ್ನು ಜನಸಾಮಾನ್ಯರಿಗೆ ಮುಟ್ಟಿಸಿದವರು ಐವನ್ ಡ್ರಯರ್. ಒಂದು ಕಾಲಕ್ಕೆ ಲಾಸ್ ಏಂಜಲಿಸ್‌ನ ಗ್ರಿಫಿತ್ ವೀಕ್ಷಣಾಲಯದಲ್ಲಿ ಮಾರ್ಗದರ್ಶಿಯಾಗಿದ್ದ ಇವರು, 1970ರಲ್ಲಿ ಎಲ್ಸಾ ಗಾರ್ಮೈರ್ ಎಂಬ ವಿಜ್ಞಾನಿ ಮಾಡುತ್ತಿದ್ದ ಲೇಸರ್ ಚಿತ್ರಗಳನ್ನು ಸಿನಿಮಾ ತೆಗೆಯಲು ಹೋದರು. ಸುರುಳಿ ತೊಳೆದು ನೋಡಿದರೆ, ಕಣ್ಣೆದುರು ಕಂಡ ಹೊಳಪು ಅದರಲ್ಲಿ ಇಳಿದೇ ಇರಲಿಲ್ಲ. ಹಾಗಾದರೆ ಬೆಳಕನ್ನೇ ಜನರೆದುರು ಕುಣಿಸಬೇಕು ಎಂದುಕೊಂಡರು. ವೀಕ್ಷಣಾಲಯದವರು ಮೊದಲು ಒಪ್ಪಲಿಲ್ಲ. ಕಡೆಗೆ 1973ರ ನವೆಂಬರ್ 19ರಂದು ಅಲ್ಲಿನ ತಾರಾಲಯದ ಗುಮ್ಮಟದ ಒಳಮೈ ಮೇಲೆ 'ಲೇಸೇರಿಯಂ' ಪ್ರದರ್ಶನ ಆರಂಭವಾಯಿತು. ಕ್ರಿಪ್ಟಾನ್ ಲೇಸರಿನ ಕಿರಣವನ್ನು ಕೆಂಪು, ಹಳದಿ, ಹಸಿರು, ನೀಲಿಯಾಗಿ ಬಿಡಿಸಿ, ಸಂಗೀತದ ಲಯಕ್ಕೆ ತಕ್ಕಂತೆ ಕಲಾವಿದನೊಬ್ಬ ಕೈಯಾರೆ ನುಡಿಸುವ ಆಟ ಅದು. 2002ರವರೆಗೆ ಅದೇ ಜಾಗದಲ್ಲಿ ನಡೆಯಿತು.

ಬಡತನವೇ ಕಾವಲು

ಅದನ್ನು ಕಂಡ ಹುಡುಗರಿಗೆ ತಾವೂ ಮಾಡಬೇಕೆಂಬ ಹುಚ್ಚು ಹಿಡಿಯಿತು. ಆದರೆ ಒಂದು ವ್ಯಾಟಿನ ಲೇಸರ್ ಕೊಳ್ಳುವ ಶಕ್ತಿ ಯಾರಿಗಿತ್ತು? ಧ್ವನಿವರ್ಧಕದ ಬಾಯಿಗೆ ರಬ್ಬರ್ ಬಿಗಿದು ಅದರ ಮೇಲೆ ಕನ್ನಡಿಯ ಚೂರು ಅಂಟಿಸಿದರು. ಆಟಿಕೆಯ ಮೋಟಾರಿನ ತುದಿಗೆ ಕನ್ನಡಿಯನ್ನು ಕೊಂಚ ಓರೆಯಾಗಿ ಕೂರಿಸಿ ತಿರುಗಿಸಿದರು. ಅಂಥವೆರಡು ಸೇರಿದರೆ ರಂಗೋಲಿಯಂಥ ಸುರುಳಿಗಳು ಗೋಡೆಯ ಮೇಲೆ ಅರಳುತ್ತಿದ್ದವು. ಮುಂದೆ ಹಳೆಯ ಮುದ್ರಣಯಂತ್ರಗಳಿಂದ ಕಳಚಿದ ಆರ್ಗಾನ್ ನಳಿಗೆಗಳು ಗುಜರಿ ಬೆಲೆಗೆ ಸಿಕ್ಕಾಗ ಕೆಲವರಿಗೆ ನೀಲಿ, ಹಸಿರು ಬಣ್ಣಗಳೂ ದಕ್ಕಿದವು.

ಅಮೆರಿಕದಲ್ಲಿ 1976ರ ಆಗಸ್ಟ್ 2ರಿಂದ ಲೇಸರ್ ಉಪಕರಣಗಳ ಸುರಕ್ಷತಾ ನಿಯಮ ಜಾರಿಗೆ ಬಂತು. ಐದು ಮಿಲಿವ್ಯಾಟಿಗೆ ಮೀರಿದ ಲೇಸರಿನಿಂದ ಜನರೆದುರು ಬೆಳಕಿನಾಟ ನಡೆಸಬೇಕಾದರೆ ವಿಶೇಷ ಅನುಮತಿ ಬೇಕಾಯಿತು. ಅಪಾಯಕಾರಿ ಕಿರಣ ಪ್ರೇಕ್ಷಕರು ನಿಂತ ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ, ಪಕ್ಕಕ್ಕಾದರೆ ಎರಡೂವರೆ ಮೀಟರ್ ದೂರದಲ್ಲಿ ಹಾಯಬೇಕು ಎಂಬ ಪದ್ಧತಿ ಬೆಳೆಯಿತು. 1986ರಲ್ಲಿ ಈ ಕಸುಬಿನವರ ಅಂತರರಾಷ್ಟ್ರೀಯ ಸಂಸ್ಥೆ ಇಲ್ಡಾ ಹುಟ್ಟಿತು. ಪ್ರೊಜೆಕ್ಟರಿಗೂ ಅದನ್ನು ಆಡಿಸುವ ಕಂಪ್ಯೂಟರಿಗೂ ನಡುವೆ ಇರಬೇಕಾದ 25 ಸೂಜಿಗಳ ಕೂಡುಗೆಯನ್ನು ಅದು ಗೊತ್ತುಮಾಡಿತು. ಆ 25ರಲ್ಲಿ ಎರಡು ಸೂಜಿಗಳು ಚಿತ್ರಕ್ಕಾಗಿ ಅಲ್ಲವೇ ಅಲ್ಲ. ತಂತಿ ಕಳಚಿಹೋದರೆ ಲೇಸರ್ ತಾನಾಗಿ ಆರಬೇಕು, ಅಷ್ಟಕ್ಕೇ ಅವು ಮೀಸಲು.

ಆದರೆ ನಿಜ ಹೇಳಬೇಕೆಂದರೆ, ಮನೆಯಲ್ಲಿ ಕಟ್ಟುವ ಹವ್ಯಾಸಿಯನ್ನು ಬಹುಕಾಲ ಕಾಪಾಡಿದ್ದು ಕಾನೂನಲ್ಲ, ಅವನ ಬಡತನ. ಕಣ್ಣು ಕಳೆಯುವಷ್ಟು ಶಕ್ತಿಯ ಲೇಸರ್ ಅವನ ಕೈಗೆ ಎಟಕುತ್ತಿರಲಿಲ್ಲ.

ಅಗ್ಗವಾದ ಅಪಾಯ

1990ರ ದಶಕದ ಕೊನೆಗೆ ಹಸಿರು ಲೇಸರ್ ಕಡ್ಡಿಗಳು ಬಂದವು. 2010ರಲ್ಲಿ ಕ್ಯಾಸಿಯೋ ಕಂಪನಿಯ ಸಿನಿಮಾ ತೋರಿಸುವ ಪ್ರೊಜೆಕ್ಟರಿನೊಳಗೆ 24 ನೀಲಿ ಲೇಸರ್ ಡಯೋಡುಗಳಿರುವುದು ಹವ್ಯಾಸಿಗಳಿಗೆ ತಿಳಿಯಿತು. ಒಂದೊಂದೂ ಸುಮಾರು ಒಂದು ವ್ಯಾಟ್ ಬೆಳಕು ಕೊಡಬಲ್ಲದು. ಅವುಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಲಾಯಿತು. 1973ರಲ್ಲಿ ಒಂದು ತಾರಾಲಯವನ್ನು ತುಂಬಿದ ಶಕ್ತಿ ಈಗ ಬೆರಳ ತುದಿಯಷ್ಟು ತುಣುಕಿನಲ್ಲಿ, ವಿದ್ಯಾರ್ಥಿಯ ಜೇಬಿನ ಹಣಕ್ಕೆ! ಕಾವಲಿದ್ದ ಬಡತನ ಬಾಗಿಲು ಬಿಟ್ಟು ಹೊರಟುಹೋಯಿತು.

ಇಲ್ಲಿ ಕಣ್ಣಿನ ಲೆಕ್ಕ ಹೇಳಲೇಬೇಕು. ಲೇಸರ್ ಕಿರಣ ಚದರದೆ ನೇರವಾಗಿ ಹೋಗುವುದರಿಂದ ನಮ್ಮ ಕಣ್ಣಿನ ಮಸೂರ ಅದನ್ನು ರೆಟಿನಾದ ಮೇಲೆ ಸೂಜಿಮೊನೆಗಿಂತ ಚಿಕ್ಕ ಚುಕ್ಕೆಯಾಗಿ ಕೂಡಿಸುತ್ತದೆ. ಅಲ್ಲಿ ಬೆಳಕಿನ ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ಕಣ್ಣು ಮಿಟುಕಿಸಲು ಸುಮಾರು ಕಾಲು ಸೆಕೆಂಡು ಬೇಕು. ಒಂದು ಮಿಲಿವ್ಯಾಟಿನಷ್ಟು ಕಿರಣವಾದರೆ ಆ ಮಿಟುಕೇ ಸಾಕು, ಕಣ್ಣು ಉಳಿಯುತ್ತದೆ. ಒಂದು ವ್ಯಾಟಿನ ಕಿರಣವಾದರೆ ರೆಪ್ಪೆ ಅಲುಗುವ ಮೊದಲೇ ರೆಟಿನಾ ಸುಟ್ಟಿರುತ್ತದೆ, ಸುಟ್ಟ ಜಾಗ ಮತ್ತೆ ಚಿಗುರುವುದಿಲ್ಲ. ಅವಕೆಂಪಾದರೆ ಕಾಣುವುದೇ ಇಲ್ಲ. ಕಣ್ಣು ಮಿಟುಕಿಸುವುದಾದರೂ ಯಾವುದಕ್ಕೆ? ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು 2010ರಲ್ಲಿ ಅಗ್ಗದ ಹಸಿರು ಲೇಸರ್ ಕಡ್ಡಿಯೊಂದನ್ನು ಪರೀಕ್ಷಿಸಿದರು. ಅದರ ಮೇಲೆ 10 ಮಿಲಿವ್ಯಾಟ್ ಎಂದು ಬರೆದಿತ್ತು. ಹಸಿರು ಮಂಕಾಗಿತ್ತು, ಕಾಣದ ಅವಕೆಂಪು ಮಾತ್ರ ಸುಮಾರು 20 ಮಿಲಿವ್ಯಾಟ್ ಸೋರುತ್ತಿತ್ತು.

ಇದು ಬರಿಯ ಪುಸ್ತಕದ ಮಾತಲ್ಲ. 2008ರ ಜುಲೈಯಲ್ಲಿ ರಷ್ಯದ ಕಿರ್ಝಾಚ್ ಬಳಿ ಬಯಲಿನಲ್ಲಿ ನಡೆದ ಸಂಗೀತ ಉತ್ಸವದಲ್ಲಿ ಮಳೆ ಬಂತೆಂದು ಡೇರೆ ಹಾಕಿದರು. ಆಕಾಶಕ್ಕೆ ಹೋಗಬೇಕಾಗಿದ್ದ ಪ್ರಬಲ ಕಿರಣಗಳು ಜನರ ಮೇಲೆಯೇ ಬಿದ್ದು ಸುಮಾರು ಮೂವತ್ತು ಮಂದಿಯ ದೃಷ್ಟಿಗೆ ಪೆಟ್ಟಾಯಿತು. ಅಷ್ಟು ದೂರವೇಕೆ, ನಮ್ಮ ಮುಂಬಯಿಯ ನೆರೆಯಲ್ಲೇ, 2023ರ ಗಣೇಶ ವಿಸರ್ಜನೆಯ ಮೆರವಣಿಗೆಗಳಾದ ಮೇಲೆ ಪುಣೆ, ನಾಶಿಕಗಳಲ್ಲಿ ರೆಟಿನಾಕ್ಕೆ ಗಾಯವಾದ ತರುಣರು ಕಣ್ಣಿನ ವೈದ್ಯರ ಬಳಿ ಬಂದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2024ರ ಉತ್ಸವಕ್ಕೆ ಪುಣೆಯ ಪೊಲೀಸರು ಲೇಸರ್ ಕಿರಣಗಳನ್ನು ನಿಷೇಧಿಸಿದರು.

ನಿಂತರೆ ಕೇಡು

ಹಾಗಾದರೆ ಲೇಸರ್ ಆಟ ಎಷ್ಟೋ ಕಡೆ ಕೇಡಿಲ್ಲದೆ ನಡೆಯುವುದು ಹೇಗೆ? ಮೊದಲನೆಯದಾಗಿ ಕಿರಣ ಪ್ರೇಕ್ಷಕರತ್ತ ಬರುವುದೇ ಇಲ್ಲ. ಎರಡನೆಯದಾಗಿ ಕಿರಣ ಓಡುತ್ತಿರುತ್ತದೆ. ಒಳ್ಳೆಯ ಕನ್ನಡಿಗಳು ಸೆಕೆಂಡಿಗೆ 30,000 ಬಿಂದುಗಳನ್ನು ಇಡುತ್ತವೆ; ಯಾವುದೇ ಒಂದು ಬಿಂದುವಿನ ಮೇಲೆ ಕಿರಣ ನಿಲ್ಲುವುದು ಕ್ಷಣದ ಸಣ್ಣದೊಂದು ಚೂರು ಮಾತ್ರ. ಕನ್ನಡಿ ಕೆಟ್ಟು ನಿಂತರೆ, ತಂತಿ ಕಿತ್ತರೆ, ಕಂಪ್ಯೂಟರ್ ತಟಸ್ಥವಾದರೆ, ಇಡೀ ಚಿತ್ರದ ಶಕ್ತಿಯೆಲ್ಲ ಒಂದೇ ಬಿಂದುವಿನಲ್ಲಿ ಬಂದು ನಿಲ್ಲುತ್ತದೆ. ನೀರು ನಿಂತರೆ ಕೆಡುತ್ತದೆ ಎನ್ನುತ್ತೇವೆ. ಈ ಬೆಳಕು ನಿಂತರೆ ನಮ್ಮನ್ನೇ ಕೆಡಿಸುತ್ತದೆ.

ಆದ್ದರಿಂದ ತಿಳಿದ ಹವ್ಯಾಸಿಗಳು ಕನ್ನಡಿಯ ಚಲನೆಯನ್ನು ಸದಾ ಕಾಯುವ ಒಂದು ಸರ್ಕಿಟ್ ಸೇರಿಸುತ್ತಾರೆ. ಚಲನೆ ನಿಂತಿತೆಂದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ಲೇಸರನ್ನು ಆರಿಸುತ್ತದೆ. ಇದರ ಜೊತೆಗೆ ಬೀಗದ ಕೈ ಇರುವ ಸ್ವಿಚ್ಚು, ಕೈಗೆಟಕುವಂತೆ ಕೆಂಪು ಗುಂಡಿ, ಕಿರಣ ಹೊರಗೆ ಸೋರದಂತೆ ಮುಚ್ಚಿದ ಪೆಟ್ಟಿಗೆ, ಆಯಾ ಬಣ್ಣಕ್ಕೆ ತಕ್ಕ ಕನ್ನಡಕ. ಕೆಂಪನ್ನು ತಡೆಯುವ ಕನ್ನಡಕ ನೀಲಿಯನ್ನು ತಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಅರ್ಧ ವ್ಯಾಟಿಗೆ ಮೀರಿದ ಕಿರಣವಾದರೆ ಅದು ಬಿದ್ದ ಗೋಡೆಯನ್ನು ಹತ್ತಿರದಿಂದ ನೋಡುವುದೂ ಅಪಾಯ.

ಮುಂದಿನ ಸಭೆಯಲ್ಲಿ ಆ ಹಿರಿಯರಿಗೆ ನಾನು ಹೇಳಿದ ಉತ್ತರ ಇಷ್ಟು: "ಏನೂ ಆಗುವುದಿಲ್ಲ ಎನ್ನಲಾರೆ, ಆಗದಂತೆ ಮಾಡಬಹುದು." ಹುಡುಗರಿಗೆ ಮೂರು ಕರಾರು ಹಾಕಿದೆವು. ಒಂದೊಂದು ಬಣ್ಣದ ಲೇಸರೂ ಐದು ಮಿಲಿವ್ಯಾಟಿನೊಳಗಿರಬೇಕು, ಅದನ್ನು ಮೀಟರಿನಿಂದ ಅಳೆದೇ ನಂಬಬೇಕು, ಮೇಲಿನ ಚೀಟಿ ನೋಡಿ ಅಲ್ಲ. ಪ್ರೊಜೆಕ್ಟರ್ ರಂಗದ ಮೇಲೆ ಹಿಂದಿನ ಪರದೆಗೆ ಮುಖಮಾಡಿ ಕೂರಬೇಕು, ಕಿರಣ ಸಭಿಕರತ್ತ ತಿರುಗಲು ದಾರಿಯೇ ಇರಬಾರದು. ಕಾಯುವ ಸರ್ಕಿಟ್ ಇಲ್ಲದೆ ಲೇಸರಿಗೆ ವಿದ್ಯುತ್ ಕೊಡಕೂಡದು. ಮೂರನೆಯ ಕರಾರಿಗೆ ಮಗ ಮುಖ ಊದಿಸಿಕೊಂಡ. ಐದೇ ಮಿಲಿವ್ಯಾಟಿಗೆ ಅದೇಕಪ್ಪ ಎಂದ. ಮುಂದಿನ ವರ್ಷ ನೀನು ಐದರಲ್ಲಿ ನಿಲ್ಲುವುದಿಲ್ಲವಲ್ಲ, ಅಭ್ಯಾಸ ಈಗಲೇ ಆಗಲಿ ಎಂದೆ.

ತಾಲೀಮಿನ ದಿನ ಪರದೆಯ ಮೇಲೆ ನಮ್ಮ ಬಾವುಟ ಮೂಡಿತು. ಕೆಳಗಿನ ಕೆಂಪು, ಕೆಂಪು ಲೇಸರಿನದು. ಮೇಲಿನ ಹಳದಿಗೆ ಹಳದಿ ಲೇಸರ್ ಇರಲಿಲ್ಲ. ಕೆಂಪು ಮತ್ತು ಹಸಿರು ಕಿರಣಗಳು ಒಂದೇ ಗೆರೆಯಲ್ಲಿ ಓಡಿದರೆ ಕಣ್ಣು ಅದನ್ನು ಹಳದಿ ಎಂದೇ ಓದುತ್ತದೆ. ನೋಡುತ್ತಿದ್ದಂತೆ ಕಂಪ್ಯೂಟರ್ ತಟ್ಟನೆ ನಿಂತುಹೋಯಿತು. ಪರದೆಯ ಮೇಲೆ ಉರಿಯುವ ಚುಕ್ಕೆಯೊಂದು ಉಳಿಯಬೇಕಿತ್ತು. ಉಳಿಯಲಿಲ್ಲ, ಎಲ್ಲ ಕತ್ತಲು. ಹುಡುಗರು "ಛೇ" ಎಂದರು. ನಾನೂ ಆ ಹಿರಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನೆಮ್ಮದಿಯ ಉಸಿರು ಬಿಟ್ಟೆವು.

ರಾಜ್ಯೋತ್ಸವದ ದಿನ ಮಕ್ಕಳು ಎಂದಿನಂತೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು.