ಹ್ಯುಯೆನ್‌ತ್ಸಾಂಗನ ಪಾಥೇಯ

ಚೀನಾ ಯಾತ್ರಿಕನಾದ ಹ್ಯುಯೆನ್‌ತ್ಸಾಂಗನನ್ನು, ಬೆನ್ನಿನ ಮೇಲೆ ಗ್ರಂಥದ ಸುರುಳಿಗಳ ಹೊರೆಯನ್ನು ಹೊತ್ತು ಒಂಟಿಯಾಗಿ ನಡೆಯುವವನಂತೆ ಚಿತ್ರಿಸುವ ರೂಢಿಯುಂಟು. ಚಿತ್ರವು ಮನೋಹರವಾದುದೇ ಸರಿ. ಆದರೆ ಆತನ ಶಿಷ್ಯನಾದ ಹುಯಿಲಿಯು ಬರೆದ ಜೀವನಚರಿತ್ರೆಯನ್ನು ನೋಡಿದರೆ, 645ರಲ್ಲಿ ಆತನು ಸ್ವದೇಶಕ್ಕೆ ತಂದ 657 ಗ್ರಂಥಗಳನ್ನು ಹೊರಲು ಇಪ್ಪತ್ತು ಕುದುರೆಗಳು ಬೇಕಾದುವೆಂದು ತಿಳಿಯುತ್ತದೆ. ಒಬ್ಬನ ಬೆನ್ನು ಹೊರಬಲ್ಲುದಕ್ಕೂ ದೂರದ ದಾರಿಯು ಬೇಡುವುದಕ್ಕೂ ಇರುವ ಅಂತರವನ್ನು ಆತನು ಹೊರಟ ಮೊದಲಿನಲ್ಲಿಯೇ ಪ್ರಾಣಸಂಕಟದಿಂದ ಕಲಿತನು.

ದಾರಿಯ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ನಾನು ಪಾಠಶಾಲೆಗೆ ಸೇರಲು ಹೊರಟ ದಿನ ತಾಯಿಯವರು ಕಟ್ಟಿಕೊಟ್ಟ ಅವಲಕ್ಕಿಯ ಗಂಟು ದಾರಿಯಲ್ಲಿ ಅರ್ಧದಷ್ಟೂ ಮುಗಿಯಲಿಲ್ಲ; ಆದುದರಿಂದ ಆ ಶಬ್ದದ ಅರ್ಥವನ್ನು ನಾನು ಗ್ರಹಿಸಿದುದು ಕೋಶದಿಂದಲೇ ಹೊರತು ಹಸಿವಿನಿಂದಲ್ಲ. ಹ್ಯುಯೆನ್‌ತ್ಸಾಂಗನ ಪಾಡು ಹಾಗಿರಲಿಲ್ಲ. 629ರ ಸುಮಾರಿಗೆ ಛಾಂಗಾನ್ ನಗರದಿಂದ ಹೊರಟ ಆತನಿಗೆ ಗಡಿಯನ್ನು ದಾಟಲು ರಾಜನ ಅನುಮತಿಯೇ ದೊರೆತಿರಲಿಲ್ಲ; ಹಗಲು ಅಡಗಿ ಇರುಳು ನಡೆಯಬೇಕಾಯಿತು. ಹೊರಡುವ ಮುನ್ನ ಬಗೆಬಗೆಯ ಕಷ್ಟಗಳಿಗೆ ತನ್ನನ್ನು ಒಡ್ಡಿಕೊಂಡು ಮನಸ್ಸಿನ ಬಲವನ್ನು ಪರೀಕ್ಷಿಸಿಕೊಂಡಿದ್ದನು. ಮರಳುಗಾಡಿನಲ್ಲಿ ಬೇಕಾದುದು ಬೇರೆಯೇ ಇದ್ದಿತು.

ಗಡಿಯ ಬಳಿ ಒಬ್ಬ ಮುದುಕನು ತನ್ನ ಬಡಕಲು ಕೆಂಗುದುರೆಯನ್ನು ತೋರಿಸಿ, ಇದು ಮರಳುಗಾಡಿನ ಆಚೆಯ ಈವೂ ಎಂಬ ಊರಿಗೆ ಹದಿನೈದು ಸಲ ಹೋಗಿಬಂದುದು, ನಿನ್ನ ಎಳೆಯ ಕುದುರೆಯು ದಾರಿಯನ್ನರಿಯದು ಎಂದನು. ಭಿಕ್ಷುವು ತನ್ನದನ್ನು ಕೊಟ್ಟು ಅದನ್ನು ಪಡೆದನು. ದಾರಿ ತೋರಲು ಬಂದವನಾದರೋ ಇರುಳಿನಲ್ಲಿ ಕತ್ತಿ ಹಿರಿದು ಸಮೀಪಿಸಿ, ಬಳಿಕ ಹಿಂದಿರುಗಿ ಹೋದನು. ಕಾವಲುಗೋಪುರದ ಅಧಿಕಾರಿಯೊಬ್ಬನು ಕರುಣೆಯಿಂದ ಕೊಟ್ಟ ದೊಡ್ಡ ನೀರಿನ ಚೀಲವು, ಕುಡಿಯಲೆಂದು ಇಳಿಸುವಾಗ ಕೈಜಾರಿ ಬಿದ್ದು ಬರಿದಾಯಿತು. ಆತನು ಹತ್ತು ಲೀ, ಎಂದರೆ ಸುಮಾರು ಐದು ಕಿಲೋಮೀಟರು, ಹಿಂದಕ್ಕೆ ನಡೆದನು. ಆಮೇಲೆ ಸಂಕಲ್ಪವು ನೆನಪಾಗಿ ಮತ್ತೆ ಪಶ್ಚಿಮಕ್ಕೆ ತಿರುಗಿದನು. ನಾಲ್ಕು ಇರುಳು ಐದು ಹಗಲು ತೊಟ್ಟು ನೀರಿಲ್ಲ. ಕಡೆಗೆ ಆ ಮುದಿ ಕುದುರೆಯೇ, ಎಷ್ಟು ಎಳೆದರೂ ಮಣಿಯದೆ, ಬೇರೆ ದಾರಿ ಹಿಡಿದು ಹುಲ್ಲೂ ನೀರೂ ಇದ್ದ ಎಡೆಗೆ ಆತನನ್ನು ಒಯ್ದಿತು.

ತುರ್ಫಾನಿನ ಬಳಿಯ ಕಾವೊಚಾಂಗಿನ ಅರಸನು ಈ ಅತಿಥಿಯನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಯಸಿದನು. ಭಿಕ್ಷುವು ಮೂರು ದಿನ ಅನ್ನೋದಕಗಳನ್ನು ಬಿಟ್ಟು ಕುಳಿತನು. ಅರಸನು ಸೋತನು, ಸೋತವನು ಕೊಟ್ಟ ಪಾಥೇಯವು ಅಸಾಧಾರಣವಾದುದು. ಚಳಿಗೆ ಮುಖವಸ್ತ್ರ, ಕೈಚೀಲ, ಪಾದರಕ್ಷೆಗಳು, ಇಪ್ಪತ್ತು ವರ್ಷಗಳ ವೆಚ್ಚಕ್ಕೆಂದು ಚಿನ್ನ, 30,000 ಬೆಳ್ಳಿಯ ನಾಣ್ಯ, 500 ಸುರುಳಿ ರೇಷ್ಮೆ, 30 ಕುದುರೆಗಳು. ಇವೆಲ್ಲಕ್ಕಿಂತ ಮಿಗಿಲಾದುವು, ದಾರಿಯ ದೊರೆಗಳಿಗೆ ಬರೆದ 24 ಪತ್ರಗಳು. ಪ್ರತಿಯಾಗಿ ಅರಸನು ಬೇಡಿದುದು ಇಷ್ಟೇ: ಹಿಂದಿರುಗುವಾಗ ಮೂರು ವರ್ಷ ಇಲ್ಲಿರಬೇಕು. ಭಿಕ್ಷುವು ಒಪ್ಪಿದನು.

ಇಷ್ಟು ಸಿದ್ಧತೆಯಿದ್ದೂ ಹಿಮಪರ್ವತದಲ್ಲಿ ಏಳು ದಿನ ಮಂಜುಗಡ್ಡೆಯ ಮೇಲೆಯೇ ಮಲಗಿ, ಪಾತ್ರೆಯನ್ನು ತೂಗುಹಾಕಿ ಅಡಿಗೆ ಮಾಡಬೇಕಾಯಿತು. ಹತ್ತರಲ್ಲಿ ಮೂರು ನಾಲ್ಕು ಜನರು ಹಸಿವಿನಿಂದಲೂ ಚಳಿಯಿಂದಲೂ ಸತ್ತರು. ಆ ಆಳುಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ನಾಲಂದಾದ ವ್ಯಾಸಂಗವೂ, ದಕ್ಷಿಣಕ್ಕೆ ಬಂದು ನಮ್ಮ ಚಾಲುಕ್ಯ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟುದೂ ವಾಚಕರಿಗೆ ವಿದಿತವಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಹಿಂದಿರುಗುವ ಕಾಲದಲ್ಲಿ ಹರ್ಷನು ಸಮುದ್ರಮಾರ್ಗದ ಸೌಕರ್ಯವನ್ನು ಒದಗಿಸುವೆನೆಂದನು. ಭಿಕ್ಷುವು ಕಾವೊಚಾಂಗಿನ ಅರಸನಿಗೆ ಕೊಟ್ಟ ಮಾತನ್ನು ಹೇಳಿ, ಮತ್ತೆ ಆ ಕಠಿನವಾದ ಉತ್ತರದ ದಾರಿಯನ್ನೇ ಹಿಡಿದನು. ಸಿಂಧೂನದಿಯಲ್ಲಿ ಐವತ್ತು ಗ್ರಂಥಗಳು ನೀರುಪಾಲಾದುವು. ಆದರೆ 640ರಲ್ಲಿಯೇ ಚೀನಾ ಸೈನ್ಯವು ಕಾವೊಚಾಂಗನ್ನು ಗೆದ್ದಿತ್ತು; ಅರಸನು ತೀರಿಕೊಂಡಿದ್ದನು. ಹ್ಯುಯೆನ್‌ತ್ಸಾಂಗನು ಅತ್ತ ಹೋಗದೆ ಖೋತಾನಿನ ಮಾರ್ಗವಾಗಿ ನಡೆದನು. ಅನುಮತಿಯಿಲ್ಲದೆ ದೇಶ ಬಿಟ್ಟುದಕ್ಕೆ ಕ್ಷಮೆ ಬೇಡಿ ಅಲ್ಲಿಂದ ಚಕ್ರವರ್ತಿಗೆ ಬರೆದ ಬಿನ್ನವತ್ತಳೆಯನ್ನು ವರ್ತಕರ ಜೊತೆಯಲ್ಲಿ ಒಯ್ದವನು ಕಾವೊಚಾಂಗಿನವನೇ ಆದ ಒಬ್ಬ ಯುವಕನು.