ಯಾರಿಗೂ ಬೇಡದ ಪಿತ್ರಾರ್ಜಿತ

ಪಂಚನಹಳ್ಳಿಯಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಆಡಿಸಲು ಹೊರಟಾಗ ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಉಳಿದ ನಾಲ್ವರು ಮಕ್ಕಳೆಲ್ಲಿ, ಮೇಷ್ಟ್ರೇ?”

ಪ್ರಶ್ನೆ ಸಾಧುವಾದದ್ದೇ. ಮಹಾಭಾರತದ ಯಯಾತಿ ಶುಕ್ರಶಾಪದಿಂದ ಬಂದ ಮುಪ್ಪನ್ನು ಐವರು ಮಕ್ಕಳ ಮುಂದೆಯೂ ಇರಿಸಿದನು. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆವೆಂದು ಶಾಪಕ್ಕೆ ಗುರಿಯಾದರು. ಒಪ್ಪಿದ ಕಿರಿಯ ಪೂರುವಿಗೆ ಸಿಂಹಾಸನ ದಕ್ಕಿತು. ತಂದೆಯ ಮುಪ್ಪೇ ಅಣ್ಣತಮ್ಮಂದಿರನ್ನು ಬೇರೆ ಬೇರೆ ವಂಶಗಳಾಗಿ ಒಡೆಯಿತು.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದ ಈ ನಾಟಕದಲ್ಲಿ ಆ ನಾಲ್ವರು ರಂಗಕ್ಕೆ ಬರುವುದೇ ಇಲ್ಲ. ಅವರ ‘ಒಲ್ಲೆ’ಯನ್ನು ಇಲ್ಲಿ ಆಡುವವಳು ಪೂರುವಿನ ಮಡದಿ ಚಿತ್ರಲೇಖೆ. ಗಂಡನ ತಾರುಣ್ಯವನ್ನು ಪಡೆದ ಮಾವ ತನ್ನನ್ನೂ ಸ್ವೀಕರಿಸಲೆಂದು ಸವಾಲೆಸೆದು, ಕೊನೆಗೆ ಅವಳು ವಿಷ ಕುಡಿಯುತ್ತಾಳೆ.

ಆ ಹಿರಿಯರಿಗೆ ನಾನು ಹೇಳಿದ್ದಿಷ್ಟೆ: “ಪಾಲುಪಟ್ಟಿ ಬರೆಯುವಾಗ ಸೊಸೆಯನ್ನು ಯಾರು ಕೇಳುತ್ತಾರೆ, ಸ್ವಾಮಿ?”