ಹಲಗೆ ಹೋದರೂ ಬೋರ್ಡು ಉಳಿಯಿತು

ಬಾಡಿಗೆ ಕಾರಿಗೆ ಯೆಲ್ಲೋ ಬೋರ್ಡು, ಡ್ರೈವಿಂಗ್ ಕಲಿಯುವವರಿಗೆ ಎಲ್ ಬೋರ್ಡು, ಹತ್ತನೇ ತರಗತಿಯ ಮಕ್ಕಳಿಗೆ ಬೋರ್ಡ್ ಪರೀಕ್ಷೆ, ಬಸ್‌ಸ್ಟ್ಯಾಂಡಿನ ಎದುರಿಗೆ ಬೋರ್ಡಿಂಗ್ ಅಂಡ್ ಲಾಡ್ಜಿಂಗ್, ಕಾಫಿ ಬೆಳೆಗಾರರಿಗೆ ಕಾಫಿ ಬೋರ್ಡು. ಒಂದೇ ಇಂಗ್ಲಿಷ್ ಪದ ಇಷ್ಟು ಮನೆಗಳಲ್ಲಿ ಚಾಕರಿ ಮಾಡುವುದನ್ನು ಕಂಡರೆ, ಆ ಭಾಷೆಗೆ ಪದಗಳ ಬರವೇ ಎಂದು ಕೇಳಬೇಕೆನಿಸುತ್ತದೆ. ನಿಘಂಟು ಈ ಅರ್ಥಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಸುಮ್ಮನಾಗುತ್ತದೆ. ಅವನ್ನು ಹುಟ್ಟಿದ ಕಾಲಕ್ಕೆ ತಕ್ಕಂತೆ ಜೋಡಿಸಿ ನೋಡಿದರೆ, ಒಂದು ಮರದ ಹಲಗೆಯ ಸುತ್ತ ಜನ ಏನೇನು ಮಾಡಿದರು ಎಂಬ ಚರಿತ್ರೆ ತೆರೆದುಕೊಳ್ಳುತ್ತದೆ. ಪದಕ್ಕೆ ಹೊಸ ಅರ್ಥ ಬಂದದ್ದು ಹಲಗೆಯ ಆಕಾರದಿಂದ ಅಷ್ಟಾಗಿ ಅಲ್ಲ, ಹಲಗೆಯೊಂದಿಗೆ ಮನುಷ್ಯರು ಇಟ್ಟುಕೊಂಡ ವ್ಯವಹಾರದಿಂದ.

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಬರಿಯ ಹಲಗೆ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳ ಹಜಾರದಲ್ಲಿ ಊಟದ ಮೇಜು ಸದಾ ಹಾಕಿಯೇ ಇರುತ್ತಿದ್ದುದು ಕಡಿಮೆ. ಊಟದ ಹೊತ್ತಿಗೆ ಕವಲುಗಾಲಿನ ಆಸರೆಗಳನ್ನು ನಿಲ್ಲಿಸಿ, ಮೇಲೆ ಉದ್ದನೆಯ ಹಲಗೆಯಿಟ್ಟು, ಬಟ್ಟೆ ಹಾಸಿ ಬಡಿಸುತ್ತಿದ್ದರು. ಉಂಡು ಎದ್ದಮೇಲೆ ಹಲಗೆ ಎತ್ತಿ ಪಕ್ಕಕ್ಕಿಟ್ಟರೆ ಅದೇ ಹಜಾರ ಆಳುಕಾಳುಗಳು ಮಲಗುವ ಜಾಗ. ಹೀಗೆ ದಿನವೂ ಹಾಕಿ ತೆಗೆಯುವ ಹಲಗೆಯ ಹೆಸರು 14ನೇ ಶತಮಾನದ ಹೊತ್ತಿಗೆ ಅದರ ಮೇಲಿನ ಊಟಕ್ಕೇ ಅಂಟಿಕೊಂಡಿತ್ತು. ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ಬೋರ್ಡರ್ ಆದದ್ದು ಹಾಗೆ. ನಮ್ಮ ಊರುಗಳ ಬೋರ್ಡಿಂಗ್ ಹೋಟೆಲಿನ ಮೂಲವೂ ಅಲ್ಲೇ. ಲೋಟಗಳನ್ನು ಜೋಡಿಸಿಡುತ್ತಿದ್ದ ತೆರೆದ ಹಲಗೆ ಕಪ್‌ಬೋರ್ಡ್. ಬಾಗಿಲು ಬಂದು ಅದು ಕಪಾಟಾದದ್ದು ಆಮೇಲೆ. ದಂಪತಿಯ ಜಗಳ ಚರ್ಚಿನ ನ್ಯಾಯಾಲಯಕ್ಕೆ ಹೋದರೆ ಸಿಗುತ್ತಿದ್ದುದು ‘ಹಾಸಿಗೆ ಮತ್ತು ಹಲಗೆ’ಯಿಂದ ಬಿಡುಗಡೆ, ಅಂದರೆ ಒಟ್ಟಿಗೆ ಮಲಗುವ, ಒಟ್ಟಿಗೆ ಉಣ್ಣುವ ಕಟ್ಟಿನಿಂದ. 1857ರ ವಿವಾಹ ಕಾಯ್ದೆ ಬರುವವರೆಗೂ ಈ ಮಾತು ಕಾನೂನಿನ ಭಾಷೆಯಲ್ಲಿತ್ತು. ಇಸ್ಪೀಟಿನವರು ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟರೆ ಮೋಸವಿಲ್ಲ. ನೇರ ನಡೆಗೆ ‘ಹಲಗೆಯ ಮೇಲೆ’ ಎನ್ನುವ ಇಂಗ್ಲಿಷ್ ನುಡಿಗಟ್ಟು ಆ ಮೇಜಿನದು.

ಉಣ್ಣುವವರು ಎದ್ದ ಹಲಗೆಯ ಸುತ್ತ ಆಳುವವರು ಕುಳಿತರು. 16ನೇ ಶತಮಾನದಲ್ಲಿ ಸಮಾಲೋಚನೆಯ ಮೇಜಿಗಿದ್ದ ಹೆಸರು ಅದರ ಸುತ್ತ ಕೂರುವ ಮಂಡಳಿಗೂ ಬಂತು. 1696ರಲ್ಲಿ ಇಂಗ್ಲೆಂಡಿನಲ್ಲಿ ವ್ಯಾಪಾರದ ಬೋರ್ಡು, 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಹಿಡಿತಕ್ಕೆಂದು ಬೋರ್ಡ್ ಆಫ್ ಕಂಟ್ರೋಲ್, 1786ರಲ್ಲಿ ಮದರಾಸಿನಲ್ಲಿ ಕಂದಾಯದ ಬೋರ್ಡು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಾಗ ಬ್ರಿಟಿಷರು ಮೈಸೂರಿಗೆ ನೇಮಿಸಿದ್ದೂ ಇಬ್ಬರು ಕಮಿಷನರುಗಳ ಬೋರ್ಡನ್ನೇ. ಮೂರೇ ವರ್ಷದಲ್ಲಿ, 1834ರಲ್ಲಿ, ಅದು ಹೋಗಿ ಅಧಿಕಾರ ಒಬ್ಬನೇ ಕಮಿಷನರ್ ಮಾರ್ಕ್ ಕಬ್ಬನ್ನನ ಕೈಗೆ ಬಂತು. ಬೋರ್ಡಿಗೂ ಒಬ್ಬ ಅಧಿಕಾರಿಗೂ ಇರುವ ವ್ಯತ್ಯಾಸ ಇಲ್ಲಿ ನಿಚ್ಚಳ: ಒಬ್ಬರಿಗಿಂತ ಹೆಚ್ಚು ಜನ ಕೂಡಿ ಕೂರಬೇಕೆಂಬ ಷರತ್ತು ಊಟದ ಹಲಗೆಯಿಂದಲೇ ಈ ಪದಕ್ಕೆ ಅಂಟಿ ಬಂದದ್ದು.

ಭಾಷಾಶಾಸ್ತ್ರಜ್ಞರು ಇಲ್ಲಿ ತಕರಾರು ತೆಗೆಯಬಹುದು: ಬೋರ್ಡ್ ಒಂದೇ ಪದವಲ್ಲ, ಹಲಗೆ ಎಂಬ ಅರ್ಥದ್ದೊಂದು, ಅಂಚು ಅಥವಾ ಹಡಗಿನ ಪಕ್ಕ ಎಂಬ ಅರ್ಥದ್ದು ಇನ್ನೊಂದು. ಹಡಗು, ರೈಲು, ವಿಮಾನ ಹತ್ತುವುದನ್ನು ಹೇಳುವ ಬೋರ್ಡ್ ಎರಡನೆಯದರ ಸಂತಾನ. ಚುಕ್ಕಾಣಿಯ ಹುಟ್ಟು ಇರುತ್ತಿದ್ದ ಬಲಪಕ್ಕ ಸ್ಟಾರ್‌ಬೋರ್ಡ್. ಎಡಪಕ್ಕದ ಲಾರ್‌ಬೋರ್ಡ್ ಕೂಗಿದಾಗ ಅದರಂತೆಯೇ ಕೇಳಿಸುತ್ತದೆಂದು 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೈಬಿಟ್ಟು ‘ಪೋರ್ಟ್’ ಎಂದು ಗೊತ್ತುಮಾಡಿತು. ತಕರಾರು ಸರಿಯೇ, ಆದರೆ ಅದರಿಂದ ವಾದ ಬೀಳುವುದಿಲ್ಲ. ಹಡಗಿನ ಪಕ್ಕವೂ ಹಲಗೆ ಜೋಡಿಸಿ ಕಟ್ಟಿದ್ದೇ. ಆಡುವವರ ಬಾಯಲ್ಲಿ ಎರಡೂ ಪದಗಳು ಬಹಳ ಹಿಂದೆಯೇ ಬೆರೆತುಹೋದವು. ಎರಡು ಬೇರುಗಳನ್ನು ಒಂದು ಕಾಂಡ ಮಾಡಿದ್ದು ಬಳಕೆಯೇ ತಾನೆ?

ಇದು ಇಂಗ್ಲಿಷಿನದೊಂದು ಚಾಳಿ, ಇದರಲ್ಲಿ ಹೆಚ್ಚಿನದೇನಿದೆ ಎನ್ನುವವರು ಕನ್ನಡದ ಮಣೆಯನ್ನು ನೋಡಬೇಕು. ಅದೂ ಮೊದಲಿಗೆ ಕೂರುವ ಹಲಗೆ. ತರಕಾರಿ ಹೆಚ್ಚಲು ಈಳಿಗೆಮಣೆ, ಆಟಕ್ಕೆ ಚೆನ್ನೆಮಣೆ, ಮದುವೆಗೆ ಹಸೆಮಣೆ. ಚುನಾವಣೆಯ ಟಿಕೆಟ್ ಹಂಚಿಕೆಯಾದಾಗ ಪತ್ರಿಕೆಗಳು ‘ಹೊಸಬರಿಗೆ ಮಣೆ’ ಎಂದು ಬರೆಯುವಾಗ ಮರದ ತುಂಡು ಎಲ್ಲೂ ಇಲ್ಲ. ಬಂದವರಿಗೆ ಮಣೆ ಹಾಕುವ ಮರ್ಯಾದೆ ಮಾತ್ರ ಉಳಿದಿದೆ. ಮಂಡಳಿ ಎಂಬ ಅರ್ಥದ ಬೋರ್ಡಿನಲ್ಲಿ ನಡೆದದ್ದೂ ಇದೇ.

ಹಾಗಿದ್ದರೆ ವಾಹನದ ನಂಬರ್ ಪ್ಲೇಟನ್ನು ಬೋರ್ಡು ಎನ್ನುವುದು ತಪ್ಪು ಇಂಗ್ಲಿಷ್ ಅಲ್ಲವೆ? ಇಂಗ್ಲಿಷ್ ಆಗಿ ನೋಡಿದರೆ ಹೌದು. ಆದರೆ ಆ ಪದ ಈಗ ಕನ್ನಡದಲ್ಲಿ ದುಡಿಯುತ್ತಿದೆ. ಅಂಗಡಿಯ ಹೆಸರು, ಬಸ್ಸಿನ ಊರು, ಕಾರಿನ ನಂಬರು, ಯಾವುದನ್ನೇ ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕಿದರೂ ಕನ್ನಡಿಗರಿಗೆ ಅದು ಬೋರ್ಡು. ತಗಡಾದರೇನು, ಪ್ಲಾಸ್ಟಿಕ್ ಆದರೇನು. ಇಂಗ್ಲಿಷಿನಲ್ಲೂ ಹೀಗೆಯೇ ಕಾಗದದ ರಟ್ಟು ಕಾರ್ಡ್‌ಬೋರ್ಡ್ ಆಯಿತು, ಕಂಪ್ಯೂಟರಿನ ಒಡಲು ಮದರ್‌ಬೋರ್ಡ್ ಆಯಿತು. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಕರೆಂಟಿನದು. 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿಯಾಗಿ ಹುಟ್ಟಿ ಆಮೇಲೆ ಕೆಇಬಿ ಎನಿಸಿಕೊಂಡ ಸಂಸ್ಥೆ 1999ರಲ್ಲಿ ನಿಗಮವಾಗಿ ಬದಲಾಯಿತು; ಈಗ ಮನೆಗೆ ಬಿಲ್ಲು ಕೊಡುವುದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂಗಳು. ಹಲಗೆ ಇಲ್ಲ, ಮೇಜು ಇಲ್ಲ, ಆ ಮಂಡಳಿಯೂ ಇಲ್ಲ. ಮಳೆಗಾಲದ ಸಂಜೆ ದೀಪ ಆರಿತೆಂದರೆ ಎಷ್ಟೋ ಮನೆಗಳಲ್ಲಿ ಬೈಸಿಕೊಳ್ಳುವವರು ಮಾತ್ರ ಇಂದಿಗೂ ‘ಕೆಇಬಿಯವರು’.